ಖಾಲಿ ಪಿಕಪ್ಪಿನ ಹಿಂಭಾರ

ಪೊಮೋನಾದ ಸಂತೆ ಬೆಳಗಾಗುವ ಮೊದಲೇ ಶುರು. ಐದು ಗಂಟೆಗೆ ಗೇಟು ತೆಗೆಯುತ್ತಾರೆಂದರೆ ಅದಕ್ಕೂ ಮುಂಚೆ ಸಾಲು ನಿಂತಿರುತ್ತದೆ. ಹಣೆಗೆ ಕಟ್ಟಿದ ಟಾರ್ಚು, ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಗಾಡಿ, ಜೇಬಿನಲ್ಲಿ ನಗದು ನೋಟು. ಬಂದವರಲ್ಲಿ ಹೆಚ್ಚಿನವರ ವೇಷ ಇದೇ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಈ ಊರಿನ ಫೇರ್‌ಪ್ಲೆಕ್ಸ್ ಮೈದಾನದಲ್ಲಿ ವರ್ಷಕ್ಕೆ ಹಲವು ಬಾರಿ ಹಳೆಯ ಕಾರು, ಟ್ರಕ್ಕುಗಳ ಬಿಡಿಭಾಗಗಳ ಸಂತೆ ನೆರೆಯುತ್ತದೆ. ಟಾರ್ಪಾಲಿನ ಮೇಲೆ ಹರಡಿದ ಕಾರ್ಬ್ಯುರೇಟರುಗಳು, ಬಾಗಿಲ ಹಿಡಿಕೆಗಳು, ಗೇರ್‌ಬಾಕ್ಸಿನ ಚಿಪ್ಪುಗಳು, ಯಾವ ಗಾಡಿಯದೆಂದು ಮಾರುವವನಿಗೇ ಗೊತ್ತಿಲ್ಲದ ಹೆಡ್‌ಲೈಟ್ ಬಳೆಗಳು. ಬಿಸಿಲು ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ನೆತ್ತಿ ಮುಟ್ಟುವ ಹೊತ್ತಿಗೆ ಒಳ್ಳೆಯ ಮಾಲೆಲ್ಲ ಕೈ ಬದಲಾಯಿಸಿರುತ್ತದೆ.

ನಾನು ಹೋಗಿದ್ದು ಸೋದರಳಿಯನ ಮನೆಗೆ. ಅಮೆರಿಕಕ್ಕೆ ಬಂದ ಹಿರಿಯರಿಗೆ ತೋರಿಸಬೇಕಾದ ಜಾಗಗಳ ಪಟ್ಟಿಯೊಂದನ್ನು ಅವನು ಸಿದ್ಧ ಮಾಡಿಟ್ಟಿದ್ದ. ಗ್ರ್ಯಾಂಡ್ ಕ್ಯಾನಿಯನ್, ಹಾಲಿವುಡ್, ಮಾಲಿಬುವಿನ ವೆಂಕಟೇಶ್ವರ. ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿದು, ಒಳಗೆ ಬಾನೆಟ್ಟು ಬಿಚ್ಚಿ ನಿಂತ ಪಿಕಪ್ಪೊಂದು ಕಣ್ಣಿಗೆ ಬಿದ್ದ ಮೇಲೆ ಆ ಪಟ್ಟಿ ಹಿಂದೆ ಬಿತ್ತು. ಪಕ್ಕದ ಮನೆಯ ಯಜಮಾನರು ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಅವರ ಅಜ್ಜ ಮೆಕ್ಸಿಕೋದಿಂದ ಇಲ್ಲಿಯ ಕಿತ್ತಳೆ ತೋಟಗಳ ಕೂಲಿಗೆ ಬಂದವರಂತೆ. ನನ್ನ ಇಂಗ್ಲಿಷು, ಅವರ ಇಂಗ್ಲಿಷು ಎರಡೂ ಬೇರೆ ಬೇರೆ ದಿಕ್ಕಿನವು. ಆದರೆ ತುಕ್ಕು ಹಿಡಿದ ಬೋಲ್ಟಿನ ಮುಂದೆ ಕೂತ ಇಬ್ಬರಿಗೆ ಅಷ್ಟೇನೂ ಭಾಷೆ ಬೇಕಾಗುವುದಿಲ್ಲ.

ಅವರ ಜೊತೆ ನಾನು ಸಂತೆಗೆ ಹೋದ ಬೆಳಗ್ಗೆ ಅವರು ಹುಡುಕುತ್ತಿದ್ದದ್ದು 1968ರ ಷೆವರ್ಲೆ ಸಿ-10 ಪಿಕಪ್ಪಿನ ಎಡ ಬಾಗಿಲಿನ ತ್ರಿಕೋನ ಕಿಟಕಿಯ ಚೌಕಟ್ಟು. ಹೊಸದೇ ಸಿಗುತ್ತದೆ, ಅಂಚೆಯಲ್ಲಿ ಮನೆಗೇ ಬರುತ್ತದೆ. ಈ ಮಾದರಿಯ ಗಾಡಿಗೆ ಬಾಗಿಲು, ಮಡ್‌ಗಾರ್ಡು, ಡ್ಯಾಶ್‌ಬೋರ್ಡು ಎಲ್ಲವನ್ನೂ ಇವತ್ತಿಗೂ ಹೊಸದಾಗಿ ಒತ್ತಿ ಮಾರುವವರಿದ್ದಾರೆ. ಆದರೆ ಹೊಸ ಚೌಕಟ್ಟಿನ ಕ್ರೋಮು ಅವರಿಗೆ ಹಿಡಿಸುವುದಿಲ್ಲ. ಹಳೆಯದೇ ಬೇಕು, ಆದರೆ ಮೈಯಲ್ಲಿ ಗುಳಿ ಬಿದ್ದಿರಬಾರದು. ಸಾಲಿನಿಂದ ಸಾಲಿಗೆ ನಡೆಯುತ್ತಲೇ ಅವರು ನನಗೆ ಗಾಡಿ ಗುರುತಿಸುವ ಪಾಠ ಹೇಳಿದರು. 1967ರಿಂದ 1972ರವರೆಗಿನ ಪಿಕಪ್ಪುಗಳು ಒಂದೇ ಪೀಳಿಗೆ. ಮಡ್‌ಗಾರ್ಡಿನ ಪಕ್ಕದಲ್ಲಿ ಪುಟ್ಟ ದೀಪ ಇಲ್ಲದಿದ್ದರೆ 1967, ಇದ್ದರೆ 1968 ಅಥವಾ ಆಮೇಲಿನದು. ಮುಂದಿನ ಜಾಲರಿಯಲ್ಲಿ ಚೌಕ ಚೌಕ ಕಿಂಡಿಗಳಿದ್ದರೆ 1971 ಅಥವಾ 1972. ಹಿಂದಿನ ತೊಟ್ಟಿ ಗಿಡ್ಡದಾದರೆ ಚಕ್ರದಿಂದ ಚಕ್ರಕ್ಕೆ 115 ಇಂಚು, ಉದ್ದದಾದರೆ 127. ಗಿಡ್ಡ ತೊಟ್ಟಿಗೆ ಬೇಡಿಕೆ ಎಷ್ಟೆಂದರೆ, ಉದ್ದದ ಗಾಡಿ ಕೊಂಡು ಅದರ ಚಾಸಿಯನ್ನೇ ಹನ್ನೆರಡು ಇಂಚು ಕತ್ತರಿಸಿ ಬೆಸೆಯುವವರಿದ್ದಾರೆ.

ಷೆವರ್ಲೆ ಅಂದರೆ ನಮ್ಮ ಹಿರಿಯರಿಗೆ ಅಪರಿಚಿತವೇನಲ್ಲ. ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆದಿತ್ತು. 1954ರಲ್ಲಿ ಬಾಗಿಲು ಹಾಕಿಕೊಂಡು ಹೋಯಿತು. ನನ್ನ ಅಜ್ಜನ ಬಾಯಲ್ಲಿ ಷೆವರ್ಲೆ ಬಸ್ಸಿನ ಕಥೆಗಳಿದ್ದವು. ಆದರೆ ಪಿಕಪ್ ಎಂಬ ಜಾತಿ ಬೇರೆ. ಅದು ಅಮೆರಿಕದ ಹೊಲ, ತೋಟ, ಗಾರೆ ಕೆಲಸಗಳ ಕೂಸು. 1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್-ಟಿ ಕಾರಿನ ಹಿಂಬದಿಗೆ ಪುಟ್ಟ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. ಅದಕ್ಕೂ ಮುಂಚೆ ರೈತರೇ ಕಾರಿನ ಹಿಂಭಾಗ ಕೊಯ್ದು ಹಲಗೆ ಹೊಡೆದುಕೊಳ್ಳುತ್ತಿದ್ದರು. ಪಿಕಪ್ಪು ಅಲ್ಲಿ ಬೇರೂರಲು ಇನ್ನೊಂದು ಕಾರಣ ಕೋಳಿ. ಅರವತ್ತರ ದಶಕದ ಮೊದಲಲ್ಲಿ ಯುರೋಪಿನವರು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದರು. ಸೇಡಿಗೆ ಅಧ್ಯಕ್ಷ ಜಾನ್ಸನ್ 1963ರ ಡಿಸೆಂಬರಿನಲ್ಲಿ ಹೊರಗಿನ ಸಣ್ಣ ಟ್ರಕ್ಕುಗಳ ಮೇಲೆ ಶೇಕಡ 25 ಸುಂಕ ಹೇರಿದರು. ಕೋಳಿಯ ಜಗಳ ಎಂದೋ ಮರೆತುಹೋಗಿದೆ, ಟ್ರಕ್ಕಿನ ಸುಂಕ ಹಾಗೇ ಉಳಿದಿದೆ. ಅಮೆರಿಕದ ಪಿಕಪ್ಪು ತನ್ನ ಅಂಗಳದಲ್ಲಿ ಎದುರಾಳಿಯಿಲ್ಲದೆ ಬೆಳೆದದ್ದಕ್ಕೆ ಈ ಕೋಳಿಗಳ ಪಾಲೂ ಇದೆ.

ಚೌಕಟ್ಟು ಸಿಕ್ಕಿತು. ಮಾರುವವನು ಹೇಳಿದ ಬೆಲೆಗೂ ಇವರು ಕೊಟ್ಟ ಬೆಲೆಗೂ ಬಹಳ ಅಂತರವಿತ್ತು, ಆದರೆ ಇಬ್ಬರ ಮುಖದಲ್ಲೂ ಗೆದ್ದ ಕಳೆಯಿತ್ತು.

ಗ್ಯಾರೇಜಿನ ಗಾಡಿ ಅವರ ತಂದೆಯದು. ತಂದೆ ಮರ ಸವರುವ, ಬಿದ್ದ ಕೊಂಬೆ ಸಾಗಿಸುವ ಕೆಲಸ ಮಾಡುತ್ತಿದ್ದರು. ಬಾಗಿಲ ಮೇಲೆ ಕುಂಚದಲ್ಲಿ ಬರೆಸಿದ್ದ ಅವರ ಹೆಸರು, ಫೋನ್ ನಂಬರು ಬಿಸಿಲಿಗೆ ಮಾಸಿ, ಗೊತ್ತಿದ್ದವರು ಮಾತ್ರ ಓದುವಷ್ಟು ಉಳಿದಿದೆ. ಮಾದರಿ ಸ್ಟೆಪ್‌ಸೈಡ್. ಅಂದರೆ ಹಿಂದಿನ ಮಡ್‌ಗಾರ್ಡು ತೊಟ್ಟಿಯ ಹೊರಗೆ ಉಬ್ಬಿಕೊಂಡಿರುತ್ತದೆ, ಅದರ ಮುಂದೆ ಕಾಲಿಡಲು ಒಂದು ಮೆಟ್ಟಿಲು. ತೊಟ್ಟಿಯ ನೆಲ ಮರದ್ದು, ಹಲಗೆ ಹಲಗೆಯ ನಡುವೆ ಉಕ್ಕಿನ ಪಟ್ಟಿ. ಕಂಪನಿ ಹಾಕಿದ್ದು ಪೈನ್ ಮರ, ಇವರು ಓಕ್ ಹಾಕಿದ್ದಾರೆ. ಒಂದೇ ಒಂದು ಹಲಗೆ ಮಾತ್ರ ಹಳೆಯದು. ತಂದೆಯ ಗರಗಸದಿಂದ ಸೋರಿದ ಎಣ್ಣೆಯ ಕಪ್ಪು ಕಲೆ ಅದರಲ್ಲಿ ಅಂಗೈಯಗಲ ಇಳಿದುಹೋಗಿದೆ. ಉಳಿದ ಹಲಗೆಗಳಿಗೆ ವಾರ್ನಿಷು ಹೊಡೆದವರು ಇದಕ್ಕೂ ಅಷ್ಟೇ ಶ್ರದ್ಧೆಯಿಂದ ಹೊಡೆದಿದ್ದರು.

ಮಾಸಿದ ಬಣ್ಣದ ವಿಷಯಕ್ಕೆ ಬಂದರೆ ಅದೊಂದು ದೊಡ್ಡ ವಹಿವಾಟು. ಹಳೆಯ ಬಣ್ಣ, ಮೇಲುಮೇಲಿನ ತುಕ್ಕು, ಅಳಿಸಿದ ಅಕ್ಷರ ಇವುಗಳನ್ನು ಹಾಗೇ ಉಳಿಸಿ ಮೇಲೆ ಪಾರದರ್ಶಕ ಲೇಪ ಕೊಡುವುದು ಈಗಿನ ರುಚಿ. ಸಹಜವಾಗಿ ಮಾಸಿದ ಗಾಡಿ ಎಲ್ಲರಿಗೂ ಎಲ್ಲಿ ಸಿಗಬೇಕು? ಆದ್ದರಿಂದ ಹೊಸ ಬಣ್ಣ ಹೊಡೆದು, ಉಜ್ಜಿ ಸವೆಸಿ, ಇಲ್ಲದ ಅಂಗಡಿಯೊಂದರ ಹೆಸರನ್ನು ಬಾಗಿಲ ಮೇಲೆ ಬರೆಸಿ, ಅದನ್ನೂ ಅರ್ಧ ಅಳಿಸಿ ಕೊಡುವ ಕಲಾವಿದರಿದ್ದಾರೆ. ಸಂತೆಯಲ್ಲಿ ಅಂಥ ಒಂದನ್ನು ಕಂಡು ನಮ್ಮ ಯಜಮಾನರು ಮಾತಾಡದೆ ಮುಂದೆ ನಡೆದರು. ನನಗೆ ಅಷ್ಟು ಸಂಯಮವಿಲ್ಲ. ದುಡಿಯದ ಗಾಡಿಗೆ ದುಡಿದ ಗಾಯ ಬರೆಯುವುದು ನನಗೇನೋ ಒಪ್ಪಲಿಲ್ಲ.

ತುಕ್ಕಿನ ಕೆಲಸ ಮಾತ್ರ ನಾಟಕವಾಡುವ ಜಾಗವಲ್ಲ. ಈ ಪೀಳಿಗೆಯ ಗಾಡಿಗಳಲ್ಲಿ ತುಕ್ಕು ಹಿಡಿಯುವ ಜಾಗಗಳು ಎಲ್ಲರಿಗೂ ಬಾಯಿಪಾಠ: ಬಾಗಿಲಿನ ಕೆಳಗಿನ ಪಟ್ಟಿ, ಕಾಲಿಡುವ ನೆಲ, ಕ್ಯಾಬಿನ್ನಿನ ಹಿಂಬದಿಯ ಎರಡು ಮೂಲೆ. ಒಳಗೆ ನುಗ್ಗಿದ ನೀರು, ಧೂಳು ಅಲ್ಲಿ ಕೂತರೆ ಹೊರಗೆ ಹೋಗಲು ದಾರಿಯಿಲ್ಲ. ನಾನಿದ್ದಾಗ ಬಲ ಮೂಲೆಯ ಸರದಿ. ಕಾರ್ಖಾನೆಯವರು ಎರಡು ತಗಡುಗಳನ್ನು ಚುಕ್ಕೆ ಬೆಸುಗೆಯಲ್ಲಿ ಸೇರಿಸಿದ್ದಾರೆ. ಮೊದಲು ಆ ಚುಕ್ಕೆಗಳನ್ನು ಹುಡುಕಬೇಕು. ಬಣ್ಣ ಉಜ್ಜಿದರೆ ಬೊಟ್ಟಿನಷ್ಟು ಗುಳಿಗಳಾಗಿ ಕಾಣುತ್ತವೆ. ಒಂದೊಂದರ ಮೇಲೂ ಉಂಗುರದ ಹಲ್ಲಿನ ಡ್ರಿಲ್ ಇಟ್ಟು ಮೇಲಿನ ತಗಡನ್ನಷ್ಟೇ ಕೊರೆಯಬೇಕು, ಕೆಳಗಿನದು ತೂತಾಗಬಾರದು. ತುಕ್ಕು ಹಿಡಿದ ಭಾಗ ಕಳಚಿ ಬಂದಾಗ ಅದರೊಳಗಿಂದ ಒಂದು ಬೊಗಸೆ ಮಣ್ಣು, ಒಣಗಿದ ಎಲೆ, ತುಕ್ಕಿನ ಹಪ್ಪಳ ನೆಲಕ್ಕೆ ಸುರಿಯಿತು. ಎಲೆ ನೀಲಗಿರಿಯದು ಎಂದು ಯಜಮಾನರು ಮೂಸಿ ಹೇಳಿದರು.

ಹೊಸ ತುಂಡನ್ನು ಕೂರಿಸುವಾಗ ಒಂದೇ ಗೆರೆಯಲ್ಲಿ ಬೆಸುಗೆ ಎಳೆಯುವಂತಿಲ್ಲ. ತೆಳು ತಗಡು ಕಾದರೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಒಂದು ಗೇಣು ಬಿಟ್ಟು ಅಲ್ಲೊಂದು ಚುಕ್ಕೆ, ಮತ್ತೆ ಮೇಲೊಂದು. ನಡುನಡುವೆ ಅವರು ಕೈಗವಸು ಕಳಚಿ ಬೆರಳ ಹಿಂಬದಿಯನ್ನು ತಗಡಿಗೆ ಮುಟ್ಟಿಸಿ ನೋಡುತ್ತಿದ್ದರು. ಬಿಸಿ ಆರಿದ್ದರೆ ಮುಂದಿನ ಚುಕ್ಕೆ, ಇಲ್ಲದಿದ್ದರೆ ಕಾಫಿ. ಒಂದು ಮೂಲೆಗೆ ಇಡೀ ಮಧ್ಯಾಹ್ನ ಹೋಯಿತು. ಮೇಲೆ ಬಣ್ಣ ಬಿದ್ದರೆ ಈ ಕೆಲಸ ಯಾರ ಕಣ್ಣಿಗೂ ಕಾಣುವುದಿಲ್ಲ.

ಎಂಜಿನ್ನಿನ ಕಥೆ ಬೇರೆ. ಮೂಲದಲ್ಲಿ ಇದ್ದದ್ದು 250 ಘನ ಇಂಚಿನ ಆರು ಸಿಲಿಂಡರಿನದು, ಕಾಗದದ ಮೇಲೆ 155 ಅಶ್ವಶಕ್ತಿ. ಸ್ಟೀರಿಂಗ್ ಕಂಬದ ಮೇಲೆ ಮೂರು ಗೇರಿನ ಕೋಲು. ಕೊಂಬೆ ಹೊರುವ ಗಾಡಿಗೆ ಸಾಕಾಗಿತ್ತು. ಅದನ್ನು ಎಣ್ಣೆ ಬಳಿದು, ಹೊದಿಕೆ ಹೊದಿಸಿ ಮೂಲೆಯಲ್ಲಿ ಇಟ್ಟಿದ್ದಾರೆ. ಅದರ ಜಾಗಕ್ಕೆ ಬಂದದ್ದು ಗುಜರಿಯಿಂದ ತಂದ 5.3 ಲೀಟರಿನ ವಿ-8. 1999ರಿಂದ ಜನರಲ್ ಮೋಟರ್ಸ್‌ನ ದೊಡ್ಡ ಪಿಕಪ್, ಎಸ್‌ಯುವಿಗಳಲ್ಲಿ ಲಕ್ಷಗಟ್ಟಲೆ ಬಂದ ಎಂಜಿನ್. ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ಕಂಪ್ಯೂಟರು ಅಳೆದು ಕೊಡುವ ಪೆಟ್ರೋಲು. ಅಪಘಾತದಲ್ಲಿ ಮೈ ಮುರಿದ ಗಾಡಿಗಳಿಂದ ಇದನ್ನು ಕಳಚಿ ಮಾರುತ್ತಾರೆ. ಕ್ಯಾಲಿಫೋರ್ನಿಯಾದ ಗುಜರಿ ಅಂಗಳಗಳಲ್ಲಿ ಟಿಕೆಟ್ಟು ಕೊಂಡು ನಾವೇ ಪಾನಾ ಹಿಡಿದು ಒಳಗೆ ಹೋಗಿ ಬಿಚ್ಚಿಕೊಳ್ಳುವ ವ್ಯವಸ್ಥೆಯೂ ಇದೆ.

ಎಂಜಿನ್ ಬದಲಾಯಿಸುವುದೆಂದರೆ ನಾಲ್ಕು ಬೋಲ್ಟಿನ ಕೆಲಸ ಎಂದುಕೊಂಡವರು ಈ ಗ್ಯಾರೇಜಿನಲ್ಲಿ ಒಂದು ದಿನ ಕೂರಬೇಕು. ಹೊಸ ಎಂಜಿನ್ನಿನ ಎಣ್ಣೆ ತೊಟ್ಟಿ ಕೆಳಗಿನ ಅಡ್ಡತೊಲೆಗೆ ತಾಗುತ್ತದೆ, ಬೇರೆ ಆಕಾರದ್ದು ಬೇಕು. ಹಳೆಯ ಕಾರ್ಬ್ಯುರೇಟರಿಗೆ ಕೆಲವೇ ಪೌಂಡು ಒತ್ತಡದ ಪೆಟ್ರೋಲು ಸಾಕಿತ್ತು, ಇದಕ್ಕೆ 58 ಬೇಕು. ಹಾಗಾಗಿ ಪಂಪು ಟ್ಯಾಂಕಿನ ಒಳಗಿದ್ದರೆ ಒಳ್ಳೆಯದು. ಟ್ಯಾಂಕು ಎಲ್ಲಿದೆ? ಈ ಗಾಡಿಗಳಲ್ಲಿ ಅದು ಕ್ಯಾಬಿನ್ನಿನ ಒಳಗೇ, ಸೀಟಿನ ಬೆನ್ನ ಹಿಂದೆ. ಎಪ್ಪತ್ತು ಲೀಟರಿಗೂ ಹೆಚ್ಚು ಪೆಟ್ರೋಲಿಗೆ ಬೆನ್ನು ಕೊಟ್ಟು ಜನ ದಶಕಗಟ್ಟಲೆ ಓಡಾಡಿದ್ದಾರೆ. ತಿರುವಿನಲ್ಲಿ ಅದು ತುಳುಕುವ ಸದ್ದು ಚಿಕ್ಕಂದಿನಲ್ಲಿ ತಂದೆಯ ಪಕ್ಕ ಕೂತಾಗ ಕೇಳುತ್ತಿತ್ತು ಎಂದರು ಯಜಮಾನರು. ಈಗ ಹೊಸ ಟ್ಯಾಂಕು ತೊಟ್ಟಿಯ ಕೆಳಗೆ, ಹಿಂದಿನ ಆಕ್ಸಲಿನ ಆಚೆ ಕೂತಿದೆ. ಬ್ಯಾಟರಿಯನ್ನೂ ಹಿಂದಕ್ಕೆ ಒಯ್ದಿದ್ದಾರೆ. ಎರಡೂ ಸುರಕ್ಷತೆಗಷ್ಟೇ ಮಾಡಿದ ಬದಲಾವಣೆ ಎಂದುಕೊಂಡಿದ್ದೆ. ಅಷ್ಟೇ ಆಗಿರಲಿಲ್ಲ.

ನಮ್ಮ ಊರಿನ ಎತ್ತಿನ ಗಾಡಿಗೆ ಮೂಟೆ ಹೇರುವುದನ್ನು ನೋಡಿದವರಿಗೆ ಮುಂಭಾರ ಹಿಂಭಾರದ ಲೆಕ್ಕ ಹೇಳಿಕೊಡಬೇಕಿಲ್ಲ. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಹೋಗುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ಪಿಕಪ್ಪು ಹಿಂದೆ ಹೊರೆ ಇರುತ್ತದೆ ಎಂದು ನಂಬಿ ಕಟ್ಟಿದ ಗಾಡಿ. ಎಂಜಿನ್ನು, ಕ್ಯಾಬಿನ್ನು, ಮನುಷ್ಯ ಎಲ್ಲ ಮುಂದೆ. ಹೊರೆ ಇಳಿಸಿದರೆ ಹಿಂದಿನ ಚಕ್ರಗಳ ಮೇಲೆ ಖಾಲಿ ತೊಟ್ಟಿಯೊಂದೇ. ಓಡಿಸುವ ಚಕ್ರಗಳು ಅವೇ. ದುಪ್ಪಟ್ಟು ಶಕ್ತಿಯ ಎಂಜಿನ್ ಕೂರಿಸಿ ಕಾಲು ಒತ್ತಿದರೆ ಗಾಡಿ ಮುಂದೆ ಹೋಗುವುದಿಲ್ಲ, ಟೈರು ಸುತ್ತಿ ಹೊಗೆ ಬರುತ್ತದೆ. ಯಜಮಾನರ ಗುರಿ ಡ್ರ್ಯಾಗ್ ಓಟ, ಅಂದರೆ ನಿಂತಲ್ಲಿಂದ ನೇರ ದಾರಿಯಲ್ಲಿ ಚಿಮ್ಮುವ ಓಟ. ಪಿಕಪ್ಪನ್ನು ಅದಕ್ಕೆ ಅಣಿ ಮಾಡುವುದೆಂದರೆ ಮುಕ್ಕಾಲು ಪಾಲು ಇಲ್ಲದ ಹೊರೆಯ ಜೊತೆ ನಡೆಸುವ ವ್ಯವಹಾರ. ಟ್ಯಾಂಕು, ಬ್ಯಾಟರಿ ಹಿಂದಕ್ಕೆ ಹೋದದ್ದು ಅದಕ್ಕೇ.

ಅದೃಷ್ಟಕ್ಕೆ ಈ ಷೆವರ್ಲೆಯ ಹಿಂಬದಿಯಲ್ಲಿ ಒಂದು ಒಳ್ಳೆಯ ಗುಣವಿದೆ. ಬಹಳಷ್ಟು ಟ್ರಕ್ಕುಗಳಿಗೆ ಪಟ್ಟೆ ಸ್ಪ್ರಿಂಗ್ ಇದ್ದ ಕಾಲದಲ್ಲಿ ಇದಕ್ಕೆ ಸುರುಳಿ ಸ್ಪ್ರಿಂಗು, ಜೊತೆಗೆ ಆಕ್ಸಲಿನಿಂದ ಗಾಡಿಯ ನಡು ಮಧ್ಯದವರೆಗೆ ಚಾಚಿದ ಎರಡು ಉದ್ದನೆಯ ತೋಳುಗಳನ್ನು ಕೊಟ್ಟರು. ಒರಟು ರಸ್ತೆಯಲ್ಲಿ ಹೊರೆ ಕುಲುಕಬಾರದೆಂದು ಮಾಡಿದ ಏರ್ಪಾಟು. ಅದನ್ನು ನಾಸ್ಕಾರ್ ರೇಸಿನವರು ಎತ್ತಿಕೊಂಡರು. ಅವರ ಮುಖ್ಯ ಸರಣಿಯ ಕಾರುಗಳ ಕೆಳಗೆ ಈ ಟ್ರಕ್ಕಿನ ತೋಳಿನ ವಂಶದವು 2021ರವರೆಗೂ ಇದ್ದವು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಕಾರಿನ ತಳದಲ್ಲಿ ಕೊಂಬೆ ಸಾಗಿಸುವ ಗಾಡಿಯ ಎಲುಬು! ಯಜಮಾನರು ಈ ಮಾತನ್ನು ಹೇಳುವಾಗ ಆ ತೋಳನ್ನು ಪಾನಾದಿಂದ ಎರಡು ಸಲ ತಟ್ಟಿದರು.

ರಸ್ತೆಗೂ ಬೇಕು, ಓಟಕ್ಕೂ ಬೇಕು ಎಂದಾಗ ಪ್ರತಿ ತುಂಡಿನಲ್ಲೂ ಜಗಳ. ಹಿಂದಿನ ಆಕ್ಸಲಿನ ಹಲ್ಲಿನ ಅನುಪಾತ 4.10 ಇದ್ದರೆ ಗಾಡಿ ಚಿಮ್ಮುತ್ತದೆ. ಆದರೆ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿಗೆ ಎಂಜಿನ್ ನಿಮಿಷಕ್ಕೆ 3200 ಸುತ್ತು ಅರಚುತ್ತದೆ. ಇವರು 3.73 ಹಾಕಿ, ನಾಲ್ಕನೇ ಗೇರು ಓವರ್‌ಡ್ರೈವ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸಿದ್ದಾರೆ. ಮೊದಲ ಗೇರಿನಲ್ಲಿ ಬೇಕಾದ ಎಳೆತ ಸಿಗುತ್ತದೆ, ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಸುಮಾರು 2000 ಸುತ್ತು. ಕ್ಯಾಮ್‌ಶಾಫ್ಟಿನಲ್ಲೂ ಆಸೆ ಹತ್ತಿಕ್ಕಬೇಕು. ಹೆಚ್ಚು ಚೂಪಾದದ್ದು ಹಾಕಿದರೆ ನಿಂತಲ್ಲಿ ಗಾಡಿ ಗಡಗಡ ನಡುಗುತ್ತ ಕೇಳಲು ಸೊಗಸಾಗಿರುತ್ತದೆ, ಆದರೆ ಎಂಜಿನ್ನಿನ ನಿರ್ವಾತ ಕಡಿಮೆಯಾಗಿ ಬ್ರೇಕಿನ ಬೂಸ್ಟರು ಸೋಲುತ್ತದೆ. 1968ರಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇವರು ಮುಂದೆ ಡಿಸ್ಕ್ ಹಾಕಿದ್ದಾರೆ. ಷೆವರ್ಲೆಯವರೇ 1971ರಲ್ಲಿ ಮಾಡಿದ ಬದಲಾವಣೆ ಅದು.

ಇಷ್ಟೆಲ್ಲ ಕಾನೂನಿಗೆ ಹೇಗೆ ಒಪ್ಪಿತು ಎಂದು ಕೇಳಿದೆ. ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆ ಬಹಳ ಕಟ್ಟುನಿಟ್ಟು. ಆದರೆ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ ವಿನಾಯಿತಿಯಿದೆ. ಹಳೆಯ ಪಿಕಪ್ಪಿಗೆ ಇಷ್ಟು ಬೆಲೆ ಬರಲು ಅದೂ ಒಂದು ಕಾರಣ. ನಮ್ಮಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ಬೆಂಗಳೂರಿನಲ್ಲಿ ಇಂಥ ಗಾಡಿ ಕಟ್ಟಿದರೆ ಆರ್‌ಟಿಒ ಕಚೇರಿಯ ಮೆಟ್ಟಿಲು ಸವೆಯುತ್ತದೆ.

ಹಳೆಯದನ್ನು ಹಳೆಯ ಹಾಗೇ ಇಡಬೇಕೆನ್ನುವ ಮಡಿವಂತರು ಇಲ್ಲೂ ಇದ್ದಾರೆ. ಎಂಜಿನ್ನಿನ ಮೇಲೆ ಕೊರೆದ ನಂಬರು ಚಾಸಿಯ ನಂಬರಿಗೆ ಹೊಂದಬೇಕು, ಮೆದುಗೊಳವೆಯ ಬಿಗಿಪಟ್ಟಿ ಕೂಡ ಆ ವರ್ಷದ್ದೇ ಆಗಿರಬೇಕು. ಅಪರೂಪದ ಕಾರಿಗೆ ಅದು ಸರಿ. ಆದರೆ ದುಡಿಯುವ ಗಾಡಿಗೆ ಆ ಮಡಿ ಯಾವತ್ತು ಇತ್ತು? ಇವರ ತಂದೆಯೇ ತೊಟ್ಟಿಗೆ ಕಬ್ಬಿಣದ ಕಟಾಂಜನ ಬೆಸೆದಿದ್ದರು, ಬಂಪರಿಗೆ ನೀರಿನ ಪೈಪು ಹೊಡೆದಿದ್ದರು, ಸವೆದ ಕ್ಲಚ್ಚಿಗೆ ಯಾವುದು ಸಿಕ್ಕಿತೋ ಅದನ್ನು ಕೂರಿಸಿದ್ದರು. ಹಾಗೆ ನೋಡಿದರೆ ಗುಜರಿಯ ವಿ-8 ತಂದು ಕೂರಿಸಿದ ಮಗನೇ ಪರಂಪರೆಗೆ ಹತ್ತಿರ. ಮೂಲೆಯಲ್ಲಿ ಹೊದಿಕೆ ಹೊದ್ದ ಆರು ಸಿಲಿಂಡರು ನೋಡಿದಾಗ ಮಾತ್ರ ನನ್ನ ವಾದ ಸ್ವಲ್ಪ ಮೆತ್ತಗಾಗುತ್ತಿತ್ತು ಎನ್ನುವುದೂ ನಿಜ.

ಫೇರ್‌ಪ್ಲೆಕ್ಸ್ ಮೈದಾನದ ಅಂಚಿನಲ್ಲೇ ಒಂದು ವಸ್ತುಸಂಗ್ರಹಾಲಯ ಇದೆ, ವಾಲಿ ಪಾರ್ಕ್ಸ್ ಹೆಸರಿನದು. ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕರಾಗಿದ್ದ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. ಯುದ್ಧ ಮುಗಿಸಿ ಬಂದ ಹುಡುಗರು ಹಳೆ ಫೋರ್ಡುಗಳಿಗೆ ರೆಕ್ಕೆ ಕಟ್ಟಿ ಬೀದಿಯಲ್ಲಿ ಪ್ರಾಣ ಕಳೆದುಕೊಳ್ಳುತ್ತಿದ್ದ ಕಾಲ. ಓಡುವುದಿದ್ದರೆ ಕಾಲು ಮೈಲಿ, ಅಂದರೆ 402 ಮೀಟರ್, ನೇರ, ಗಡಿಯಾರ ಇಟ್ಟು, ತಪಾಸಣೆ ಮಾಡಿಸಿಕೊಂಡು ಓಡಿ ಎಂದದ್ದು ಆ ಸಂಘ. ಅದರ ಮೊದಲ ಅಧಿಕೃತ ಓಟ ನಡೆದದ್ದು 1953ರಲ್ಲಿ ಇದೇ ಮೈದಾನದ ವಾಹನ ನಿಲುಗಡೆಯಲ್ಲಿ. ಉದ್ದನೆ ಮೂಗಿನ ಓಟದ ಯಂತ್ರಗಳನ್ನು ನಾನು ಬೇಗ ಬೇಗ ದಾಟಿದೆ. ಯಜಮಾನರು ಕಥೆ ಹೇಳಿದ್ದು ಇನ್ನೊಂದರದು: ಡಾಜ್ ಕಂಪನಿಯ ‘ಲಿಟ್ಲ್ ರೆಡ್ ವ್ಯಾಗನ್’. 1965ರ ಹೊತ್ತಿಗೆ ಮೊಂಡುಮೂಗಿನ ಪುಟ್ಟ ಎ-100 ಪಿಕಪ್ಪಿಗೆ 426 ಘನ ಇಂಚಿನ ಹೆಮಿ ಎಂಜಿನ್ ತುರುಕಿದರು. ಜಾಗ ಸಾಲದೆ ಎಂಜಿನ್ ಹಿಂದಕ್ಕೆ ಸರಿಯಿತು. ಕಾಲು ಒತ್ತಿದಾಗ ಗಾಡಿ ಮುಂಗಾಲು ಎತ್ತಿ ನಿಂತಿತು. ಹಿಂಭಾರ ಜಾಸ್ತಿಯಾದದ್ದು! ಓಟಕ್ಕೆಂದು ಮಾಡಿದ್ದು ಬಿಟ್ಟು, ಹಿಂದಿನ ಎರಡು ಚಕ್ರದ ಮೇಲೆ ಓಡಿ ತೋರಿಸುವುದನ್ನೇ ಬಿಲ್ ಗೋಲ್ಡನ್ ಎಂಬ ಚಾಲಕ ಕಸುಬು ಮಾಡಿಕೊಂಡ. ಪಿಕಪ್ಪಿನ ಇಡೀ ಸಮಸ್ಯೆ ಇದರಲ್ಲಿದೆ. ಇವರದ್ದು ಹಿಂದೆ ಹಗುರ, ಅದು ಹಿಂದೆ ಭಾರ.

ಅಭ್ಯಾಸದ ಓಟಕ್ಕೆ ಅವರು ಆರಿಸಿದ್ದು ಫಮೋಸೊ ಎಂಬ ಓಟದ ಪಟ್ಟಿ. ಪೊಮೋನಾ ಕಡೆಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಟ್ರೇಲರಿನಲ್ಲಿ ಗಾಡಿ ಒಯ್ಯುವ ಮಾತೇ ಇಲ್ಲ. ಓಡಿಸಿಕೊಂಡು ಹೋಗಿ, ಓಡಿ, ಓಡಿಸಿಕೊಂಡು ಬರಬೇಕು. ಇಲ್ಲದಿದ್ದರೆ ರಸ್ತೆಯ ಗಾಡಿ ಎಂದು ಹೇಳಿಕೊಳ್ಳುವ ಹಕ್ಕಿಲ್ಲ ಎನ್ನುವುದು ಅವರ ಹಟ. ಬೆಳಗಿನ ತಂಪಿನಲ್ಲಿ ಹೊರಟು, ಐದನೇ ಹೆದ್ದಾರಿ ಹಿಡಿದು ಟೆಹೋನ್ ಕಣಿವೆಮಾರ್ಗ ಹತ್ತಿದೆವು. ನೆತ್ತಿ 1200 ಮೀಟರ್ ದಾಟುತ್ತದೆ. ಆಚೆ ಇಳಿಜಾರಿಗೆ ಗ್ರೇಪ್‌ವೈನ್ ಎಂದು ಹೆಸರು. ಇಳಿಯುತ್ತಲೇ ಕೆಳಗೆ ಸ್ಯಾನ್ ವಾಕೀನ್ ಬಯಲು ತೆರೆದುಕೊಳ್ಳುತ್ತದೆ. ಅಷ್ಟು ಚಪ್ಪಟೆ ನೆಲವನ್ನು ನಾನು ಬಳ್ಳಾರಿ ಕಡೆಯೂ ಕಂಡಿಲ್ಲ. ಬಾದಾಮಿ ತೋಟ, ಕಿತ್ತಳೆ ತೋಟ, ಬೇಕರ್ಸ್‌ಫೀಲ್ಡಿನ ಹೊರಗೆ ತಲೆ ಆಡಿಸುವ ಎಣ್ಣೆ ಬಾವಿಗಳು. ಕಿಟಕಿಯ ತ್ರಿಕೋನ ಗಾಜನ್ನು ಓರೆ ಮಾಡಿದರೆ ಗಾಳಿ ನೇರ ಎದೆಗೆ ಬರುತ್ತದೆ. ಏಸಿ ಇಲ್ಲದ ಕಾಲದಲ್ಲಿ ಯಾರೋ ಬುದ್ಧಿವಂತರು ಮಾಡಿದ್ದು. ಆಮೇಲಿನವರು ಯಾಕೆ ಬಿಟ್ಟರೋ.

ಫಮೋಸೊ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ. 1959ರಲ್ಲಿ ಬೇಕರ್ಸ್‌ಫೀಲ್ಡಿನ ‘ಸ್ಮೋಕರ್ಸ್’ ಸಂಘದವರು ಫ್ಲಾರಿಡಾದಿಂದ ಓಟಗಾರ ಡಾನ್ ಗಾರ್ಲಿಟ್ಸ್‌ನನ್ನು ಕರೆಸಿ ಓಟ ಏರ್ಪಡಿಸಿದರು. ಅದರಿಂದ ಬೆಳೆದ ಮಾರ್ಚ್ ತಿಂಗಳ ಕೂಟ ಈಗಲೂ ನಡೆಯುತ್ತದೆ. ನಾವು ಹೋದ ದಿನ ಅಂಥ ದೊಡ್ಡವರಿರಲಿಲ್ಲ. ಮುದುಕರು, ಕಾಲೇಜು ಹುಡುಗರು, ತಾಯಿಯ ಕಾರು ತಂದ ಒಬ್ಬ ಹುಡುಗಿ, ಸದ್ದಿಲ್ಲದ ಎಲೆಕ್ಟ್ರಿಕ್ ಕಾರುಗಳು.

ತಪಾಸಣೆಯವನು ಬಾನೆಟ್ಟಿನೊಳಗೆ ಬಗ್ಗಿದ. ರೇಡಿಯೇಟರಿನಿಂದ ಉಕ್ಕಿದ ನೀರು ಟ್ರ್ಯಾಕಿಗೆ ಚೆಲ್ಲದಂತೆ ಹಿಡಿಯುವ ಡಬ್ಬಿ, ಬ್ಯಾಟರಿಯ ಬಿಗಿತ, ಹೊರಗಿನಿಂದಲೇ ವಿದ್ಯುತ್ತು ಕಡಿಯುವ ಸ್ವಿಚ್ಚು, ಚಕ್ರದ ನಟ್ಟು, ಬೆಲ್ಟು. 13.99 ಸೆಕೆಂಡಿಗೆ ಅಥವಾ ಅದಕ್ಕಿಂತ ಬೇಗ ಓಡುವುದಾದರೆ ಹೆಲ್ಮೆಟ್ ಕಡ್ಡಾಯ. 11.49ಕ್ಕೆ ಇಳಿದರೆ ಇಂಥ ಹಳೆಯ ಗಾಡಿಗೆ, ಮಗುಚಿದರೆ ತಲೆ ಕಾಯುವ ಉರುಳುಕಂಬಿಯೂ ಬೇಕು. ತಪಾಸಣೆಯವನು ಕೊನೆಗೆ ತೊಟ್ಟಿಗೆ ಇಣುಕಿ ನೋಡಿದ. ಮರಳು ಮೂಟೆ ಹಾಕಿಕೊಂಡು ಬರುವವರು ಇರುತ್ತಾರಂತೆ. ಬಿಡಿ ಸಾಮಾನಿಗೆ ಅಲ್ಲಿ ಅವಕಾಶವಿಲ್ಲ, ತೂಕ ಹಾಕುವುದಿದ್ದರೆ ಚಾಸಿಗೆ ಬೋಲ್ಟು ಹೊಡೆದಿರಬೇಕು.

ಹಿಂದಿನ ಟೈರುಗಳ ಗಾಳಿಯನ್ನು ಅಲ್ಲೇ ಇಳಿಸಿದರು. ರಸ್ತೆಯಲ್ಲಿ 32 ಪೌಂಡು ಇದ್ದದ್ದು 20ಕ್ಕೆ ಬಂತು. ಆಮೇಲೆ ನೀರು ಚೆಲ್ಲಿದ ಜಾಗದಲ್ಲಿ ಟೈರು ಸುತ್ತಿಸಿ ಕಾಯಿಸಿದರು. ರಬ್ಬರು ಕಾದರೆ ಅಂಟು. ಆರಂಭದ ಗೆರೆಯಲ್ಲಿ ದೀಪದ ಕಂಬ, 1963ರಿಂದ ಈ ಆಟದ ಗುರುತಾಗಿರುವ ‘ಕ್ರಿಸ್‌ಮಸ್ ಮರ’. ಮೇಲೆ ಎರಡು ಜೊತೆ ಪುಟ್ಟ ದೀಪ ಹತ್ತಿದರೆ ಮುಂದಿನ ಚಕ್ರ ಬೆಳಕಿನ ಗೆರೆಯಲ್ಲಿ ಸರಿಯಾಗಿ ನಿಂತಿದೆ ಎಂದು ಅರ್ಥ. ಆಮೇಲೆ ಅರ್ಧರ್ಧ ಸೆಕೆಂಡಿಗೆ ಮೂರು ಹಳದಿ, ನಂತರ ಹಸಿರು. ಬೇಗ ಹೊರಟರೆ ಕೆಂಪು. ಓಡಿದ ಸಮಯದ ಗಡಿಯಾರ ಶುರುವಾಗುವುದು ಹಸಿರಿಗಲ್ಲ, ಚಕ್ರ ಬೆಳಕಿನ ಗೆರೆ ಬಿಟ್ಟಾಗ. ಹಸಿರು ನೋಡಿ ನೀವು ಎಷ್ಟು ಹೊತ್ತು ಮಲಗಿದ್ದಿರಿ ಎನ್ನುವುದನ್ನು ಬೇರೆ ಲೆಕ್ಕವಾಗಿ ಚೀಟಿಯಲ್ಲಿ ಬರೆದು ಕೊಡುತ್ತಾರೆ.

ಮೊದಲ ಓಟದಲ್ಲಿ ಹಿಂದಿನ ಟೈರು ಕಿರುಚಿತು, ಪಿಕಪ್ಪಿನ ಬೆನ್ನು ಒಂದು ಕಡೆ ಜಾರಿತು, ಯಜಮಾನರು ಕಾಲು ಎತ್ತಿ ಮತ್ತೆ ಒತ್ತಿದರು. ಚೀಟಿಯಲ್ಲಿ 14.02. ಅವರು ನೋಡಿದ್ದು ಆ ಅಂಕಿಯನ್ನಲ್ಲ, ಮೇಲಿನ ಇನ್ನೊಂದು ಸಾಲನ್ನು: ಮೊದಲ 60 ಅಡಿಗೆ 2.31 ಸೆಕೆಂಡು. ಕಾಲು ಮೈಲಿಯ ಹಣೆಬರಹ ಆ ಅರವತ್ತು ಅಡಿಯಲ್ಲೇ ಬರೆದಾಗಿರುತ್ತದೆ. ಟೈರಿನ ಗಾಳಿ ಇನ್ನೆರಡು ಪೌಂಡು ಇಳಿಸಿದರು, ಮುಂದಿನ ಶಾಕ್‌ಅಬ್ಸಾರ್ಬರನ್ನು ಸಡಿಲ ಮಾಡಿದರು. ಹೊರಡುವಾಗ ಗಾಡಿ ಮೂಗೆತ್ತಿ ಭಾರವನ್ನು ಹಿಂದಕ್ಕೆ ತಳ್ಳಲಿ ಎಂದು. ಮಧ್ಯಾಹ್ನದ ಓಟದಲ್ಲಿ ಕಿರುಚಾಟವಿಲ್ಲ. ಮೂಗು ಎದ್ದಿತು, ಹಿಂಬದಿ ಕುಕ್ಕರಿಸಿತು, ಗಾಡಿ ಹೋಯಿತು. ಅರವತ್ತು ಅಡಿಗೆ 1.98, ಒಟ್ಟು 13.31, ಗಂಟೆಗೆ 103 ಮೈಲಿ. ಎಂಜಿನ್ನಿಗೆ ಯಾರೂ ಕೈ ಹಚ್ಚಿರಲಿಲ್ಲ.

ಸಂಜೆಯ ಜೋಡಿ ಓಟದ ಲೆಕ್ಕ ನನಗೆ ತುಂಬ ಹಿಡಿಸಿತು. ಪ್ರತಿಯೊಬ್ಬರೂ ತಮ್ಮ ಗಾಡಿ ಎಷ್ಟು ಸೆಕೆಂಡಿಗೆ ಓಡುತ್ತದೆಂದು ಮೊದಲೇ ಗಾಜಿನ ಮೇಲೆ ಬರೆದಿರಬೇಕು. ನಿಧಾನದ ಗಾಡಿಗೆ ಆ ವ್ಯತ್ಯಾಸದಷ್ಟು ಮುಂಚೆ ಹಸಿರು ಸಿಗುತ್ತದೆ. ಮೊದಲು ಗೆರೆ ಮುಟ್ಟಿದವರು ಗೆದ್ದಂತೆ, ಆದರೆ ತಾವು ಬರೆದದ್ದಕ್ಕಿಂತ ಬೇಗ ಓಡಿದರೆ ಸೋತಂತೆ. ಶಕ್ತಿಗಿಂತ ಇಲ್ಲಿ ಗಾಡಿಯ ಸ್ವಭಾವ ಅರಿತವನದೇ ಮೇಲುಗೈ. ಇವರು 13.30 ಎಂದು ಸುಣ್ಣದಂಥ ಬಿಳಿ ಶಾಯಿಯಲ್ಲಿ ಬರೆದು, ಹನ್ನೊಂದು ಸೆಕೆಂಡಿನ ಹೊಸ ಕಾರೊಂದನ್ನು ಸೋಲಿಸಿದರು. ಮುಂದಿನ ಸುತ್ತಿನಲ್ಲಿ ತಾಯಿಯ ಕಾರು ತಂದಿದ್ದ ಹುಡುಗಿಯ ಎದುರು ಸೋತರು. ಅವಳು ಹಸಿರಿಗೆ ಇವರಿಗಿಂತ ಬಹಳ ಎಚ್ಚರವಾಗಿದ್ದಳು.

ವಾಪಸು ಬರುವಾಗ ಗ್ರೇಪ್‌ವೈನ್ ಏರಿನಲ್ಲಿ ಅವರ ಕಣ್ಣೆಲ್ಲ ಶಾಖದ ಮುಳ್ಳಿನ ಮೇಲೆ. ಮುಳ್ಳು ಏರಿತು, ನಿಂತಿತು, ನೆತ್ತಿ ದಾಟಿದ ಮೇಲೆ ಇಳಿಯಿತು. ಅಲ್ಲಿಯವರೆಗೆ ಅವರು ಮಾತಾಡಲಿಲ್ಲ. ಆಮೇಲೆ 4.10ರ ಆಕ್ಸಲು ಹಾಕಿದರೆ ಹೇಗೆ ಎಂದು ಶುರು ಮಾಡಿದರು.

ಮರುದಿನ ಸೋದರಳಿಯ ಬಟ್ಟೆ ತೊಳೆಯುವ ಹೊಸ ಯಂತ್ರ ಕೊಂಡ. ಅಂಗಡಿಯವರು ಮನೆಗೆ ತಲುಪಿಸಲು ಎರಡು ವಾರ ಕೇಳಿದ್ದರು. ಪಿಕಪ್ಪಿರುವ ನೆರೆಯವರು ಇದ್ದರೆ ಅಮೆರಿಕದಲ್ಲಿ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಯಜಮಾನರು ಓಕ್ ಹಲಗೆಯ ಮೇಲೆ ಹಳೆ ಕಂಬಳಿ ಹಾಸಿ, ಯಂತ್ರವನ್ನು ಆಕ್ಸಲಿನ ನೇರಕ್ಕೆ ನಿಲ್ಲಿಸಿ, ಮೂರು ಕಡೆಯಿಂದ ಹಗ್ಗ ಬಿಗಿದರು. ಸಿಗ್ನಲ್ಲಿನಲ್ಲಿ ಹಸಿರು ಬಿದ್ದಾಗ ಕಾಲು ಸ್ವಲ್ಪ ಜೋರಾಗಿಯೇ ಒತ್ತಿದರು. ಟೈರಿನಿಂದ ಸದ್ದೇ ಇಲ್ಲ. ನನ್ನ ಕಡೆ ತಿರುಗಿ, ಇದರ ತೂಕ ಎಷ್ಟಿದೆ, ಇದಕ್ಕೆ ಚಾಸಿಗೆ ಬೋಲ್ಟು ಹೊಡೆಯಲು ಎಲ್ಲಿ ತೂತು ಹಾಕಬಹುದು ಎಂದು ಕೇಳಿದರು. ಹಿಂದಿನ ಕಾರಿನಲ್ಲಿ ಬರುತ್ತಿದ್ದ ಸೋದರಳಿಯನ ಹೆಂಡತಿ ಫೋನು ಮಾಡಿ, ನಿಧಾನ ಹೋಗಿ, ಇನ್ನೂ ಒಂದು ಕಂತೂ ಕಟ್ಟಿಲ್ಲ ಎಂದಳು.